ಬೀಗರು ಬಿಚ್ಚಿದ ಎಂಜಿನ್

ಜೂನ್ ತಿಂಗಳು. ಬೆಟ್ಟದ ಮೇಲಿನ ಸೂಸಾಮೀರಿನ ಹುಲ್ಲುಗಾವಲಿನಲ್ಲಿ ಆ ದಿನದ ಮೂರನೆಯ ಹಾಲು ಕರೆಯುವ ಕೆಲಸ ನಡೆದಿತ್ತು. ಜುಮಾಗುಲ್ ಮೊಣಕಾಲೂರಿ ಕುದುರೆಯ ಹಾಲು ಕರೆಯುತ್ತಿದ್ದಳು. ಗಂಡ ಎಸೆನ್‌ಕುಲ್ ಮರಿಯ ಹಗ್ಗ ಹಿಡಿದು ನಿಂತಿದ್ದ. ಆ ಹಾಲನ್ನು ಹುಳಿಸಿ ಮಾಡಿದ ಕುಮಿಸ್ ಡಬ್ಬಗಳಲ್ಲಿ ತುಂಬಿತ್ತು. ಅದನ್ನು ಹೆದ್ದಾರಿಗೆ ಒಯ್ದು ಮಾರಬೇಕಾದ ವ್ಯಾನು ಗುಡಾರದ ಪಕ್ಕ ಕೆಟ್ಟು ನಿಂತು ನಾಲ್ಕು ದಿನ. ಮುಚ್ಚಳ ತೆಗೆದರೆ ನಾತ ಮೂಗಿಗೆ ಹೊಡೆಯುತ್ತಿತ್ತು.

“ಚೆಲ್ಲಿಬಿಡು ಅತ್ಲಾಗೆ,” ಎಂದ ಎಸೆನ್‌ಕುಲ್.

“ನಿಮ್ಮ ಬೀಗರ ತಲೆ ಮೇಲೆ ಚೆಲ್ತೀನಿ, ಕರೆಸಿ.”

ವಸಂತದಲ್ಲಿ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಕೊಟ್ಟವನು ಟೊಕ್ತೊಸುನ್, ಮಗಳು ನಾಜಿರಾಳ ಮಾವ. ಬೀಗರೇ ಮೆಕ್ಯಾನಿಕ್ ಆಗಿರುವಾಗ ಬೇರೆಯವರ ಬಾಗಿಲು ತಟ್ಟುವುದುಂಟೆ? ಆದರೆ ಬೀಗರ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ನೋಡುವಂತಿಲ್ಲ, ತೆಗೆದ ಹಳೆಯ ಸಾಮಾನು ತೋರಿಸಿ ಎನ್ನುವಂತಿಲ್ಲ. ಎಸೆನ್‌ಕುಲ್ ಮೂರು ದಿನ ಅವರ ನಡುಮನೆಯಲ್ಲಿ ಬಾಗಿಲಿಗೆದುರಿನ, ಗೌರವದ ಮೇಲಿನ ಜಾಗದಲ್ಲಿ ಕೂತು ಕುರಿಮಾಂಸ ತಿಂದಿದ್ದ. ಹೊರಡುವಾಗ, ಹೋದ ವರ್ಷ ಹುಟ್ಟಿದ ಗಂಡುಕುದುರೆ ನಿಮಗೇ ಎಂದು ಮಾತು ಕೊಟ್ಟಿದ್ದ.

ಮರುದಿನ ನೆರೆಯವನ ಲಾರಿಗೆ ವ್ಯಾನು ಕಟ್ಟಿ ಘಾಟಿಯ ಕೆಳಗಿನ ಮೆಕ್ಯಾನಿಕ್ ಇಸ್ಮಾರನಲ್ಲಿಗೆ ಎಳೆಸಿದ. ಇಸ್ಮಾರ್ ದುಂಗಾನ್ ಎಂಬ ಬೇರೆ ಜನಾಂಗದವನು, ಹಿಂದುಮುಂದಿನ ಪರಿಚಯವಿಲ್ಲ. ಎಸೆನ್‌ಕುಲ್ ಅವನ ಕೈಯಿಂದ ಕಣ್ಣು ಕೀಳದೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಇಸ್ಮಾರ್ ಬಿಚ್ಚಿದ್ದನ್ನೆಲ್ಲ ಬಟ್ಟೆಯ ಮೇಲೆ ಸಾಲಾಗಿಟ್ಟ.

“ಪಿಸ್ಟನ್ ರಿಂಗು ಹೊಸದು ಅಂದ್ರಾ?”

“ಡಬ್ಬಿ ತೋರಿಸಿದ್ರು.”

“ಡಬ್ಬಿ ಹೊಸದೇ ಇರಬೇಕು. ಇವು ನಿಮ್ಮ ಹಳೇವೇ, ಡೀಸೆಲ್‌ನಲ್ಲಿ ತೊಳೆದು ಹಾಕಿದ್ದಾನೆ. ಈ ಆಯಿಲ್ ಪಂಪು ನಿಮ್ಮ ಗಾಡಿದೇ ಅಲ್ಲ. ನಿಮ್ಮದು ಯಾರ ಗಾಡೀಲಿ ಓಡ್ತಿದೆಯೋ!”

ಎಸೆನ್‌ಕುಲ್‌ನ ಬಾಯಲ್ಲಿ ಆ ಮೂರು ದಿನದ ಕೊಬ್ಬು ಮತ್ತೆ ಬಂದಂತಾಯಿತು. ಉಗಿದ.

“ಅಲ್ಲಿ ಹಿಂಗೇ ಕಾವಲು ಕೂತಿರಲಿಲ್ವಾ ಅಣ್ಣ?”

“ಬೀಗರು ಕಣಪ್ಪ, ಹೆಂಗೆ ಕೂರಲಿ?”

“ಸದ್ಯ, ನಾನು ನಿಮಗೆ ಏನೂ ಆಗಬೇಕಾಗಿಲ್ಲ,” ಎಂದು ಇಸ್ಮಾರ್ ನಕ್ಕ.

ಎರಡು ದಿನದಲ್ಲಿ ವ್ಯಾನು ಹೊಗೆಯಿಲ್ಲದೆ ಘಾಟಿ ಹತ್ತಿತು. ಸವೆದ ರಿಂಗು, ಪಂಪನ್ನು ಎಸೆನ್‌ಕುಲ್ ಗಂಟು ಕಟ್ಟಿ ತಂದ. ಬೀಗ ಬರಲಿ, ಊಟದ ಬಟ್ಟೆಯ ಮೇಲೆ ನಾಲ್ಕು ಜನರೆದುರು ಸುರಿಯುತ್ತೇನೆ ಎಂದ.

ತಿಂಗಳ ಕೊನೆಗೆ ಟೊಕ್ತೊಸುನ್ ಕುದುರೆ ಒಯ್ಯಲು ಬಂದ. ಜೊತೆಗೆ ನಾಜಿರಾ, ಆರು ತಿಂಗಳ ಬಸುರಿ. ನೇರ ಮೇಲಿನ ಜಾಗಕ್ಕೆ ಹೋಗಿ ಕೂತ.

“ವ್ಯಾನು ಹೆಂಗಿದೆ ಬೀಗರೇ? ಕುದುರೆ ಥರ ಓಡ್ತಿರಬೇಕಲ್ಲ?”

ಎಸೆನ್‌ಕುಲ್ ಗಂಟಿಗೆ ಕೈ ಹಾಕಿದ. ಮಾವನಿಗೆ ಕುಮಿಸ್ ಬಗ್ಗಿಸುತ್ತಿದ್ದ ನಾಜಿರಾಳ ಕೈ ನಿಂತಿತು. ತಾಯಿ ಹೇಳಿ ಅವಳಿಗೆ ಎಲ್ಲ ಗೊತ್ತಿತ್ತು. ಬೇಡ ಎನ್ನುವಂತೆ ತಂದೆಯನ್ನು ನೋಡಿದಳು.

“ಓಡ್ತಿದೆ,” ಎಂದ ಎಸೆನ್‌ಕುಲ್.

ಹಿರಿಯ ಅತಿಥಿಗೆ ಸಲ್ಲುವ ಕುರಿಯ ತಲೆಮಾಂಸವನ್ನು ಬೀಗನ ಮುಂದಿಟ್ಟ. ಟೊಕ್ತೊಸುನ್ ಅದರ ಕಣ್ಣು ಕಿತ್ತು ಚೀಪಿ, ಜಿಡ್ಡಿನ ಬೆರಳನ್ನು ಒಂದೊಂದಾಗಿ ನೆಕ್ಕಿದ. ಎಸೆನ್‌ಕುಲ್ ಅವನ ಕೈಗೆ ನೀರು ಹಾಕಿದ. ಆಮೇಲೆ ಹೊರಗೆ ಹೋಗಿ ಕುದುರೆಯ ಹಗ್ಗವನ್ನೂ ಅದೇ ಕೈಗೆ ಕೊಟ್ಟ. ತಾಯಿಕುದುರೆ ಕೆನೆಯಿತು.

ಕುದುರೆ ಹೇರಿಕೊಂಡ ಗಾಡಿ ಮರೆಯಾದ ಮೇಲೆ ಜುಮಾಗುಲ್ ಬೀಗ ಕುಡಿದ ಬಟ್ಟಲನ್ನು ಬೂದಿ ಹಾಕಿ ತಿಕ್ಕಿದಳು. ಮತ್ತೆ ತಿಕ್ಕಿದಳು. ಕೊನೆಗೆ ಅದನ್ನು ನಾಯಿಯ ಮುಂದೆ ಇಟ್ಟಳು.