ಮೂರನೇ ನುಡಿ

ರೇಡಿಯೋದಲ್ಲಿ ತನ್ನದೇ ದನಿ ಕೇಳಿ ಮಾಳಮ್ಮನ ಕೈಯಲ್ಲಿದ್ದ ಸೌಟು ಸಾರಿನ ಮೇಲೆಯೇ ನಿಂತಿತು. ಗುಡೇಕೋಟೆಯ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಬೇಳೆ ಕುದಿಯುತ್ತಿತ್ತು. ಕೂಡ್ಲಿಗಿಯ ಸಮುದಾಯ ರೇಡಿಯೋದವರು ಅಡುಗೆಯ ಹೆಂಗಸರಿಗೆಂದು ಹಂಚಿಹೋಗಿದ್ದ ಪುಟ್ಟ ರೇಡಿಯೋ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಕೂತು ಹಾಡುತ್ತಿತ್ತು.

"ಹೂವ ಮುಡಿ ಮಗಳೆ, ಹೊತ್ತು ಏರುವ ಮುಂಚೆ
ಬಳಿಯ ತೊಡು ಮಗಳೆ, ಬಾಗಿಲ ದಾಟುವ ಮುಂಚೆ..."

ಜೊತೆಗೆ ಅಡುಗೆ ಮಾಡುವ ಅಂಜಿನಕ್ಕ ಹೆಚ್ಚುತ್ತಿದ್ದ ಈರುಳ್ಳಿ ಬಿಟ್ಟಳು. ಕೈ ಒರೆಸಿಕೊಂಡು ತುರುಬಿನ ಹೂವು ತೆಗೆದು ಕಿಟಕಿಯಲ್ಲಿಟ್ಟಳು. ಅವರ ಕೇರಿಗಳಲ್ಲಿ ಈ ಪದ ಎಲ್ಲಿ ಕೇಳಿದರೂ ಹೆಂಗಸರು ಹಾಗೆಯೇ ಮಾಡುವುದು. ಗಂಡನಿರುವಾಗಲೇ ಸತ್ತ ಹೆಣ್ಣಿಗೆ ಎಣ್ಣೆ ಹಚ್ಚಿ, ಬಳೆ ತೊಡಿಸಿ, ಹೂ ಮುಡಿಸುವಾಗ ಹೆತ್ತವಳು ಹೇಳುವ ಪದ ಅದು. ಆ ಹೊತ್ತಿನ ಹೂವೆಲ್ಲ ಹೋದವಳದು. ಬೇರೆ ಯಾರೂ ಮುಡಿದಿರಬಾರದು.

ಹಾಡು ಎರಡು ನುಡಿಗೆ ನಿಂತಿತು. ಹಿಂದೆಯೇ ಜೇನು ಸುರಿಸುವ ಗಂಡುದನಿಯೊಂದು ಬಂತು. "ಶುಭೋದಯ ಕೇಳುಗರೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕಿನ ಅಕ್ಕತಂಗಿಯರಿಗಾಗಿ ಇವತ್ತಿನಿಂದ ಹೊಸ ಕಾರ್ಯಕ್ರಮ, 'ಹೂವ ಮುಡಿ ಮಗಳೆ'. ನಿಮ್ಮೊಂದಿಗೆ ನಾನು, ನಿಮ್ಮ ಕ್ರಾಂತಿಕುಮಾರ್."

"ನಿಮ್ಮಣ್ಣನ ಮಗ ಅಲ್ಲೇನಬೇ ಇವ?" ಅಂದಳು ಅಂಜಿನಕ್ಕ.

"ಹೌದು, ಅವನಾ," ಅಂದಳು ಮಾಳಮ್ಮ.

ಮಕ್ಕಳಿಗೆ ಬಡಿಸಿಯೇ ಹೊರಟಳು. ಒಳಗೆ ಎಷ್ಟೇ ಉರಿಯುತ್ತಿದ್ದರೂ ಮಕ್ಕಳ ಹೊಟ್ಟೆ ಏನು ಪಾಪ ಮಾಡಿತ್ತು. ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕೂತವಳಿಗೆ ಪಂಪಿಯ ಹೆಣವೇ ಕಣ್ಣಮುಂದೆ ಬಂತು. ಕೊಟ್ಟೂರಿಗೆ ಕೊಟ್ಟಿದ್ದ ಮಗಳು. ಏಳು ತಿಂಗಳ ಬಸುರಿ. ರಕ್ತ ಹೋಗುತ್ತಿದೆ, ದವಾಖಾನೆಗೆ ಕರೆದುಕೊಂಡು ಹೋಗು ಎಂದು ಗಂಡ ಸಂಜೀವನನ್ನು ಬೇಡಿಕೊಂಡಿದ್ದಳಂತೆ. ಸಂಜೀವನ ಗೂಡ್ಸ್ ಗಾಡಿ ಬಾಗಿಲಲ್ಲೇ ನಿಂತಿತ್ತು. ಮಾರನೇ ದಿನ ಮದುವೆಯೊಂದರ ಬಾಡಿಗೆ ಇತ್ತೆಂದು ತೊಳೆದು, ಹೊಸ ಸೀಟು ಹಾಕಿಸಿ ನಿಲ್ಲಿಸಿದ್ದ. "ಹೊಸ ಸೀಟಿಗೆ ರಕ್ತ ಹತ್ತತೈತಿ, ಮುಂಜಾನಿ ನೋಡಾಣ" ಅಂದನಂತೆ. ನೂರಾ ಎಂಟಕ್ಕೆ ಒಂದು ಫೋನು ಮಾಡುವಷ್ಟೂ ಆ ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ. ಪಂಪಿ ಅಂಗಳದಲ್ಲೇ ಹೋದಳು. ಹೆಣಕ್ಕೆ ಬಳೆ ತೊಡಿಸುವಾಗ ಪಕ್ಕದ ಮನೆಯಾಕೆ ಇದನ್ನೆಲ್ಲ ಮಾಳಮ್ಮನ ಕಿವಿಯಲ್ಲಿ ಹೇಳಿದ್ದಳು.

ಆ ಪದದ ಮೊದಲೆರಡು ನುಡಿ ಎಲ್ಲರವೂ ಹೌದು. ಮೂರನೆಯದು ಸತ್ತವಳದು ಮಾತ್ರ. ಅವಳು ಹೇಗೆ ಸತ್ತಳು ಎಂಬುದನ್ನು ತಾಯಿ ಅಲ್ಲೇ ಕಟ್ಟಿ ಹೇಳಬೇಕು. ಮಾಳಮ್ಮ ಹೇಳಿದ್ದಳು. ಗಂಡಸರು ಹೊರಗೆ ಚಟ್ಟ ಕಟ್ಟುತ್ತಿದ್ದರು. ಅವರಿಗೆ ಅದು ಹೆಂಗಸರ ಅಳು, ಅಷ್ಟೇ. ಕಿಟಕಿಯ ಹತ್ತಿರ ಮೊಬೈಲು ಹಿಡಿದು ನಿಂತಿದ್ದವನು ಕ್ರಾಂತಿ ಒಬ್ಬನೇ.

ರೇಡಿಯೋ ಕೇಂದ್ರ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿತ್ತು. ಮೆಟ್ಟಿಲ ಪಕ್ಕದ ಗೋಡೆಗೆ ದೊಡ್ಡ ಬ್ಯಾನರು: 'ಹೂವ ಮುಡಿ ಮಗಳೆ'. ಕೆಳಗೆ ಹಲ್ಲು ಕಿರಿಯುವ ಒಬ್ಬ ಹುಡುಗಿಯ ಚಿತ್ರ, ತಲೆತುಂಬ ಮಲ್ಲಿಗೆ. ಮಾಳಮ್ಮನಿಗೆ ಅದನ್ನು ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ, ಅದರ ಮೈಮೇಲೆ ಕೈಯಿಟ್ಟು ಹತ್ತಿದಳು.

"ಬಾ ಅತ್ತಿ, ಬಾ. ಕೇಳಿದೇನು?" ಕ್ರಾಂತಿ ಕುರ್ಚಿ ಎಳೆದ. ಮುಖದಲ್ಲಿ ಬಹುಮಾನ ಗೆದ್ದವನ ಸಂಭ್ರಮ. "ಐದು ತಾಲ್ಲೂಕಿಗೂ ನಿನ್ನ ದನಿ ಮುಟ್ಟೈತಿ."

"ಯಾರನ್ನ ಕೇಳಿ ಹಾಕಿದಿ?"

"ರೇಡಿಯೋ ನಡಸೋ ಸಂಸ್ಥಿಯವರು ಒಂದು ಹಾಡು ಬೇಕು ಅಂದ್ರು ಅತ್ತಿ. ಇದನ್ನ ಕೇಳಿಸಿದೆ. ಕಾರ್ಯಕ್ರಮಕ್ಕೂ ಅದಾ ಹೆಸರು ಇಡಾಣ ಅಂದುಬಿಟ್ರು. ಹೂವು, ಬಳಿ ಎಲ್ಲಾ ಬರತೈತಲ್ಲ, ಮದುವಿ ಪದ ಅಂತ ತಿಳಿದಾರ."

"ಅವರು ತಿಳಿದಾರ. ನಿನಗ ಗೊತ್ತಿತ್ತಲ್ಲ."

ಕ್ರಾಂತಿ ಮೌಸನ್ನು ಅತ್ತಿತ್ತ ಸರಿಸಿದ. "ಗೊತ್ತಿತ್ತು. ಆದ್ರ ಈಗ ಅದರಾಗ ಅಳು ಒಂದೂ ಇಲ್ಲ ಅತ್ತಿ. ಕಂಪ್ಯೂಟರಿನಾಗ ಎಲ್ಲಾ ತಗದೀನಿ. ಸ್ವಚ್ಛ ಬಂದೈತಿ."

ಮಗಳ ಹೆಣದ ಮುಂದೆ ಅತ್ತ ಅಳುವನ್ನು ಈ ಮಹಾರಾಯ ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಎಸೆದು, ಸ್ವಚ್ಛ ಎನ್ನುತ್ತಿದ್ದ. ಅದೂ ಚಟ್ಟಕ್ಕೆ ಹೆಗಲು ಕೊಟ್ಟಿದ್ದವನು.

"ತಗದು ಎಲ್ಲಿ ಒಗದಿ?"

"ಏನು ಅತ್ತಿ?"

"ನನ್ನ ಅಳು. ಎಲ್ಲಿ ಒಗದಿ ಅಂತ ಕೇಳಾಕತ್ತೀನಿ."

ಅವನು ಕಂಪ್ಯೂಟರಿನ ಕಡೆ ತಿರುಗಿದ. ಮಾಳಮ್ಮ ಬಿಡಲಿಲ್ಲ. "ಮೂರನೇ ನುಡಿ?"

"ಅದು ಹಾಕಾಕ ಬರಂಗಿಲ್ಲ ಅತ್ತಿ. ಒಬ್ಬರ ಮ್ಯಾಲೆ ಹೊರಿಸಿದಂಗ ಆಗತೈತಿ. ಕೇಸು ಮಾಡ್ತಾರ."

"ನನ್ನ ಮಗಳು ಸತ್ತಿದ್ದಕ್ಕ ಯಾರೂ ಕೇಸು ಮಾಡಲಿಲ್ಲ. ಪದಕ್ಕ ಮಾಡ್ತಾರೇನು?"

ಅಷ್ಟರಲ್ಲಿ ಗೋಡೆಯ ಸ್ಪೀಕರಿನಲ್ಲಿ, ಮೊದಲೇ ಮುದ್ರಿಸಿಟ್ಟಿದ್ದ ಅವನ ಅದೇ ಜೇನುದನಿ ಶುರುವಾಯಿತು. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ 'ಹೂವ ಮುಡಿ ಮಗಳೆ'ಯಲ್ಲಿ ಮದುವೆಯ ಶುಭಾಶಯಗಳು. ಕೊಟ್ಟೂರಿನ ಸಂಜೀವ ಅವರ ಮದುವೆಗೆ ಗೆಳೆಯರ ಬಳಗದಿಂದ..." ಕ್ರಾಂತಿ ಎದ್ದು ಸ್ಪೀಕರಿನ ಗುಂಡಿ ತಿರುಗಿಸುವಷ್ಟರಲ್ಲಿ ಮಾತು ಆಗಿಹೋಗಿತ್ತು.

ಪಂಪಿಯ ವರ್ಷದ ಕಾರ್ಯವೇ ಇನ್ನೂ ಆಗಿರಲಿಲ್ಲ. ಮಾಳಮ್ಮನ ಪಿತ್ತ ನೆತ್ತಿಗೇರಿತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು, ಹಿಡಿಯದಿದ್ದರೆ ಆ ಕೈ ಅಣ್ಣನ ಮಗನ ಕೆನ್ನೆಯ ಮೇಲೆ ಹೋಗುತ್ತಿತ್ತು.

"ಅವನ ಮದುವಿಗೂ ಇದಾ ಪದ ಹಾಕ್ತೀಯೇನು?"

"ದಿನಾ ಮೊದಲು ಅದನ್ನ ಹಾಕಲೇಬೇಕು ಅತ್ತಿ, ಕಾರ್ಯಕ್ರಮದ ಹೆಸರಾ ಅದು. ಬಿಟ್ರ ನನ್ನ ಕೆಲಸ ಹೋಗತೈತಿ." ಅವನ ಗಂಟಲಿನಿಂದ ಜೇನು ಎಲ್ಲ ಸೋರಿಹೋಗಿತ್ತು. "ಸಂಜೀವಗ ಇದು ಯಾವ ಪದ ಅಂತ ಗೊತ್ತಾಗಂಗಿಲ್ಲ ಬಿಡು."

ಅದನ್ನು ಸಮಾಧಾನದ ಮಾತೆಂದು ತಿಳಿದು ಹೇಳಿದ್ದ. ಮಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಾಕು ಹಂಗಾರ," ಅಂದಳು. "ಎರಡು ನುಡಿ ನೀ ಕದ್ದಿ, ಇಟ್ಕ. ಉಳಿದಿದ್ದು ನಂದು."

ಮರುದಿನ ಬೆಳಿಗ್ಗೆ ಕೊಟ್ಟೂರಿನ ಸಮುದಾಯ ಭವನದ ಮುಂದೆ ಶಾಮಿಯಾನ ಹಾಕಿತ್ತು. ಮಾಳಮ್ಮ ಗೇಟಿನ ಹತ್ತಿರ ನಿಂತಳು. ಹಾಡಿಯೇ ತೀರುತ್ತೇನೆಂದು ಬಂದವಳು ಜನ ನೋಡಿ ಕಂಬದ ಮರೆಗೆ ಸರಿದಳು. ಅಷ್ಟರಲ್ಲಿ ಗಾಡಿ ಕಾಣಿಸಿತು. ಅದೇ ಗಾಡಿ. ಮೂತಿಯಿಂದ ಹಿಂದಿನ ಹಲಗೆಯವರೆಗೆ ಹಡಗಲಿ ಮಲ್ಲಿಗೆಯ ಮಾಲೆ ಸುತ್ತಿ, ಮೆರವಣಿಗೆಗೆಂದು ನಿಲ್ಲಿಸಿದ್ದರು. ಹೆಣಕ್ಕೆ ಮುಡಿಸಲು ಅವತ್ತು ಒಂದು ಮೊಳ ಹೂವು ಸಿಗದೆ ಮಾಳಮ್ಮ ಕೇರಿಯ ತುಂಬ ಅಲೆದಿದ್ದಳು. ಅದೊಂದು ನೆನಪೇ ಸಾಕಾಯಿತು, ಕಂಬದ ಮರೆಯಿಂದ ಈಚೆ ಬಂದಳು.

ಗೆಳೆಯರು ಗಾಡಿಯ ಬಾಗಿಲು ತೆಗೆದು ರೇಡಿಯೋ ಜೋರು ಮಾಡಿದರು. ರೇಶಿಮೆ ಪಂಚೆಯ ಸಂಜೀವ ನಗುತ್ತ ಬಂದು ನಿಂತ. ಕೇಳಲೆಂದು ಮದುಮಗಳನ್ನೂ ಕರೆತಂದರು. ಹರಪನಹಳ್ಳಿ ಕಡೆಯ ಹುಡುಗಿ, ಪಂಪಿಗಿಂತಲೂ ಚಿಕ್ಕವಳು, ತಲೆಯ ಮೇಲೆ ದೊಡ್ಡ ಹೂವಿನ ದಂಡೆ. ಜೊತೆಗೆ ಅವಳ ಅಜ್ಜಿ.

ಒಂಬತ್ತಾಯಿತು. ಗಾಡಿ ಹಾಡತೊಡಗಿತು.

"ಹೂವ ಮುಡಿ ಮಗಳೆ..."

ಗೆಳೆಯರು ಸಿಳ್ಳೆ ಹಾಕಿದರು. ಸಂಜೀವ ಕೈ ಜೋಡಿಸಿ ತಲೆಬಾಗಿದ. ಆದರೆ ಒಲೆಯ ಹತ್ತಿರ ಎಲೆ ಒರೆಸುತ್ತಿದ್ದ ಹೆಂಗಸರ ಕೈಗಳು ನಿಂತವು. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಒಬ್ಬೊಬ್ಬರೇ ಮಾತಿಲ್ಲದೆ ತಮ್ಮ ತುರುಬಿನ ಹೂವು ತೆಗೆಯತೊಡಗಿದರು. ಸಂಜೀವನ ತಾಯಿ ಗುರುಬಸಮ್ಮ ಒಳಗಿನಿಂದ ಓಡಿಬಂದು "ಆರಸ್ರೋ ಅದನ್ನ" ಎಂದಳು. ಸಿಳ್ಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಎರಡನೇ ನುಡಿ ಮುಗಿಯಿತು. ಕ್ರಾಂತಿ ಶುಭಾಶಯ ಹೇಳಲು ಬಾಯಿ ತೆರೆಯುವ ಮೊದಲೇ ಅದೇ ದನಿ ಮತ್ತೆ ಎದ್ದಿತು. ಎಲ್ಲರೂ ಮೊದಲು ರೇಡಿಯೋ ಎಂದೇ ತಿಳಿದರು. ಆಮೇಲೆ ಗೇಟಿನ ಕಡೆ ತಿರುಗಿದರು.

"ಗಾಡಿ ಬಾಗಿಲಾಗಿತ್ತು, ಗಂಡ ಮನಿಯಾಗಿದ್ದ
ಹೊಸ ಸೀಟಿಗಿ ರಕುತ ಹತ್ತೀತಂದ, ಮಗಳೆ
ಅಂಗಳದ ಮಣ್ಣಾಗ ನೀ ಬೆಳಗ ಮಾಡಿದಿ..."

ಈ ಸಲ ಅಳು ಅದರೊಳಗೇ ಇತ್ತು. ಅದನ್ನು ಯಾರೂ ಆರಿಸಿ ತೆಗೆಯುವಂತಿರಲಿಲ್ಲ. ಸಂಜೀವನ ಮುಖದ ಬಣ್ಣ ಇಳಿಯಿತು.

"ಮದುವಿ ಮನಿ ಮುಂದ ಇದೇನಬೇ?" ಗುರುಬಸಮ್ಮ ಮೈಮೇಲೆ ಬಂದಳು. "ಸಾವಿನ ಪದ ಹಚ್ಚಾಕ ನಿನಗ ಬುದ್ಧಿ ಐತೇನು?"

"ನಾ ಹಚ್ಚಿಲ್ಲ. ನಿನ್ನ ಮಗನ ಗಾಡಿನಾ ಹಾಡಾಕತ್ತಿತ್ತು," ಅಂದಳು ಮಾಳಮ್ಮ. "ನಡುವ ಬಿಟ್ಟಿತ್ತು, ಮುಗಿಸಿದೆ."

ರೇಡಿಯೋದಲ್ಲಿ ಕ್ರಾಂತಿ ವಧೂವರರಿಗೆ ನೂರು ವರ್ಷದ ಬಾಳು ಹಾರೈಸುತ್ತಿದ್ದ. ಸಂಜೀವ ಕೈ ಹಾಕಿ ಅದನ್ನು ಆರಿಸಿದ. ಮದುಮಗಳ ಅಜ್ಜಿ ಆಗಲೇ ತನ್ನ ಹೂವು ತೆಗೆದು ಕೈಯಲ್ಲಿ ಹಿಡಿದಿದ್ದಳು.

ಹುಡುಗಿ ಯಾರನ್ನೂ ಕೇಳದೆ ಗಾಡಿಯ ಹತ್ತಿರ ಬಂದಳು. "ಇದೇ ಗಾಡೀನಾ?" ಎಂದು ಮಾಳಮ್ಮನನ್ನು ಕೇಳಿದಳು.

"ಇದಾ ನೋಡವ್ವ."

ತೆರೆದ ಬಾಗಿಲಿನಿಂದ ಹುಡುಗಿ ಒಳಗೆ ಬಗ್ಗಿ ನೋಡಿದಳು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. ಅವಳು ಅದರ ಮೇಲೆ ಅಂಗೈ ಇಟ್ಟಳು. ಅದು ಚರಚರ ಅಂದಿತು. ಆ ಕೈ ಅಲ್ಲೇ ಇತ್ತು. ಇನ್ನೊಂದು ಕೈ ಮೆಲ್ಲಗೆ ತಲೆಯ ಮೇಲಿನ ದಂಡೆಗೆ ಹೋಯಿತು.