ಬೀಗಣ್ಣನ ಮರೆಯ ಕಾಲಂ

ಕಾರ್ಖಾನೆಯ ಸ್ಟೋರ್ ಕೀಪರಿಗೆ ಬೀಗಣ್ಣ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಟೀ ಕುಡಿಯಲು ಎದ್ದರೂ ಕಂಪ್ಯೂಟರಿಗೆ ಪಾಸ್‌ವರ್ಡ್, ಬಾಗಿಲಿಗೆ ಬೀಗ, ಆ ಬೀಗವನ್ನು ಎರಡು ಸಲ ಜಗ್ಗಿ ನೋಡುವುದು. ಯಾವ ಸಾಮಾನು ಯಾವ ಕಪಾಟಿನಲ್ಲಿದೆ, ಯಾರು ಒಯ್ದರು, ಎಲ್ಲವೂ ಅವನು ಹನ್ನೊಂದು ವರ್ಷ ಕೂತು ಕಟ್ಟಿದ ಡೇಟಾಬೇಸಿನಲ್ಲಿತ್ತು. ಅದು ಅವನ ಮೇಜಿನ ಮೇಲಲ್ಲದೆ ಬೇರೆಲ್ಲೂ ತೆರೆಯುತ್ತಿರಲಿಲ್ಲ.

ಈಗ ಅದನ್ನು ಕಂಪನಿಯ ಪೋರ್ಟಲ್ಲಿಗೆ ಏರಿಸಲು ಐಟಿ ವಿಭಾಗದ ಹುಡುಗಿ ಬಂದು ಪಕ್ಕದಲ್ಲೇ ಕೂತಿದ್ದಳು.

"ಏರಿಸಿದ ಮೇಲೆ ಯಾರು ಬೇಕಾದ್ರೂ ನೋಡ್ಬಹುದಾ ಮೇಡಂ?"

"ಹೂಂ ಸರ್, ಅವರವರ ಸೀಟಲ್ಲೇ ಕೂತು."

"ಹಾಗಾದ್ರೆ ನನ್ನ ಹತ್ರ ಯಾರು ಬರ್ತಾರೆ?"

"ಯಾರೂ ಬರೋದೇ ಬೇಡ. ನಿಮಗೆ ಆರಾಮ!"

ನಗುನಗುತ್ತಲೇ ನನ್ನ ಕುರ್ಚಿಗೆ ಕೈ ಹಾಕಿದಳಲ್ಲ ಎಂದುಕೊಂಡ ಬೀಗಣ್ಣ. ಅವಳ ಕೈ ಮೌಸಿನತ್ತ ಸರಿದಾಗಲೆಲ್ಲ ಅವನ ಕಣ್ಣು ಬೆನ್ನು ಹತ್ತುತ್ತಿತ್ತು.

"ಸರ್, ಇಲ್ಲೊಂದು ಕಾಲಂ ಮರೆ ಮಾಡಿಟ್ಟಿದ್ದೀರಿ. ಪೋರ್ಟಲ್ಲಿಗೆ ಹೋದ್ರೆ..."

"ಮುಟ್ಟಬೇಡಿ! ನಾನೇ ಏರಿಸ್ತೀನಿ. ಆಮೇಲೆ ಎಲ್ಲಾ ನಾನೇ ಮಾಡಿದ್ದು ಅಂತ ನೀವು ಮೆರೆಯೋದು ಬೇಡ."

ಮೌಸು ಕಿತ್ತುಕೊಂಡು ಅಪ್‌ಲೋಡ್ ಒತ್ತಿಯೇ ಬಿಟ್ಟ.

ಪೋರ್ಟಲ್ಲಿಗೆ ಮರೆ ಗಿರೆ ಏನು ಗೊತ್ತು? ಅವನ 'ಷರಾ' ಕಾಲಂ ಇಡೀ ಕಾರ್ಖಾನೆಯ ಪರದೆಗಳ ಮೇಲೆ ಬಿಚ್ಚಿಕೊಂಡಿತು. 'ಪೇಂಟರ್: ಏಣಿ ಒಯ್ದು ಆರು ತಿಂಗಳು. ಹತ್ತಿದವನು ಇನ್ನೂ ಇಳಿದಿಲ್ಲ.' 'ಮ್ಯಾನೇಜರ್: ಡ್ರಿಲ್ ಮಷೀನು ಮನೆಗೆ. ಕೇಳಿದರೆ ಗಂಟಲು ಸರಿಮಾಡಿಕೊಂಡು, ಹ್ಞಾ... ಹ್ಞಾ... ನೋಡೋಣಂತೆ. ನೋಡಿ ನೋಡಿ ಎರಡು ವರ್ಷ.'

ಬೀಗಣ್ಣ ಪರದೆಗೆ ಎರಡೂ ಕೈ ಅಡ್ಡ ಹಿಡಿದ. "ಮೊದಲೇ ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರಾ ಸರ್?"

"ತೆಗೀರಿ, ಬೇಗ ತೆಗೀರಿ!"

"ಆಗಲೇ ನಲವತ್ತು ಜನ ನೋಡಿದ್ದಾರೆ."

ಮಧ್ಯಾಹ್ನದೊಳಗೆ ಏಣಿ ಇಳಿದು ಬಂತು. ಹಿಂದೆಯೇ ಮೂರು ಸ್ಪ್ಯಾನರು, ಒಂದು ತಳ್ಳುಗಾಡಿ. ಕೊನೆಗೆ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಹಿಡಿದು ಮ್ಯಾನೇಜರೇ ಬಂದರು. ಕೆಲಸ ಹೋಯಿತು ಎಂದೇ ಬೀಗಣ್ಣ ಎದ್ದು, ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟ.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಹ್ಞಾ... ಹ್ಞಾ... ಕಾಲಂ ಇರಲಿ. ಹೋದ ಸಾಮಾನೆಲ್ಲ ವಾಪಸ್ ಬರ್ತಿದೆಯಲ್ಲ. ಹಾಗೆ ಬರೆಯೋಕೆ ನೀವೇ ಬೇಕು. ನನ್ನ ಸಾಲೊಂದು ಮಾತ್ರ ಅಳಿಸಿಬಿಡಿ."

ಬೀಗಣ್ಣ ಗೊಂಚಲನ್ನು ಜೇಬಿಗೆ ಇಳಿಬಿಟ್ಟ. ಪೊಟ್ಟಣ ಬಿಚ್ಚಿ, ಡ್ರಿಲ್ ಮಷೀನನ್ನು ಪಕ್ಕಕ್ಕಿಟ್ಟು, ಅದರ ಕೊರೆಯುವ ಬಿಟ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಎಣಿಸಿದ. ಹತ್ತು ಇರಬೇಕಿತ್ತು, ಒಂಬತ್ತಿದ್ದವು.

"ಅಳಿಸ್ತೀನಿ ಸರ್," ಅಂದ. "ಹತ್ತನೇದು ಬರಲಿ."