ಸೋಡಿಯಮ್ಮಿನ ಕೊನೆಯ ಪಂಕ್ತಿ

ವಾರಿಜಾ ಟೀಚರು ಪರಮಾಣು ರಚನೆಯ ಪಾಠವನ್ನು ಕಪ್ಪುಹಲಗೆಯ ಮೇಲೆ ಮಾಡಿದವರಲ್ಲ, ನೆಲದ ಮೇಲೆ ಮಾಡಿದವರು. ಮುಲುಂಡಿನ ಆ ಕನ್ನಡ ಶಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಸೀಮೆಸುಣ್ಣದಿಂದ ಒಂದರ ಹೊರಗೊಂದು ಮೂರು ವೃತ್ತ ಬರೆದು, ಮಕ್ಕಳನ್ನೇ ಎಲೆಕ್ಟ್ರಾನುಗಳನ್ನಾಗಿ ಕೂರಿಸುವುದು ಅವರ ಪದ್ಧತಿ. ಹೋಲಿಕೆಗೆ ಊಟದ ಪಂಕ್ತಿ. ಅವರ ಗಂಡ ಅಣ್ಣು ಅವರು ಹೋಟೆಲೊಂದರ ಅಡಿಗೆಮನೆಯಲ್ಲಿ ಜೀವ ಸವೆಸಿದವರು. ಅಲ್ಲಿನ ಹೊರನಾಡ ಕನ್ನಡಿಗರ ಸಂಘದ ಶನಿಪೂಜೆಯ ಊಟದಲ್ಲಿ ಪಂಕ್ತಿ ನಡೆಸುವ ಹೊಣೆ ಪ್ರತಿವರ್ಷವೂ ಅವರದೇ ಆಗಿತ್ತು. ಹೋದ ವರ್ಷ ಅವರು ತೀರಿಕೊಂಡರು.

“ಮೊದಲ ಪಂಕ್ತಿ ತುಂಬದೆ ಎರಡನೆಯದಕ್ಕೆ ಎಲೆ ಹಾಕುವುದುಂಟಾ? ಇಲ್ಲ. ಒಳಗಿನ ಕವಚದಲ್ಲಿ ಇಬ್ಬರಿಗೇ ಜಾಗ. ಅದರ ಹೊರಗಿನದರಲ್ಲಿ ಎಂಟು ಜನಕ್ಕೆ. ಕೂತುಕೊಳ್ಳಿ ನೋಡುವ.”

ಒಂಬತ್ತನೆಯ ತರಗತಿಯಲ್ಲಿ ಇದ್ದವರೇ ಹನ್ನೊಂದು ಮಂದಿ. ಸೋಡಿಯಮ್ಮಿನ ಎಲೆಕ್ಟ್ರಾನುಗಳೂ ಅಷ್ಟೇ. ಇಬ್ಬರು ಒಳಗೆ ಕೂತರು, ಎಂಟು ಮಂದಿ ನಡುವಿನ ವೃತ್ತದಲ್ಲಿ ಕೂತರು. ಹೊರಗಿನ ದೊಡ್ಡ ವೃತ್ತಕ್ಕೆ ಧನರಾಜ್ ಒಬ್ಬನೇ ಉಳಿದ. ಅವನ ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಸಪ್ಲಾಯರ್.

“ಟೀಚರ್, ನನಗೆ ಪಾರ್ಸೆಲ್ ಕೊಡಿ, ನಾನು ಹೋಗ್ತೇನೆ,” ಎಂದ.

ಎಲ್ಲರೂ ನಕ್ಕರು. ನಗದೆ ಇದ್ದವಳು ಹಾಲವ್ವ ಒಬ್ಬಳೇ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು. ಅವಳು ಎಂಟು ಮಂದಿಯ ಸಾಲಿನಿಂದ ಎದ್ದು, ಲಂಗ ಸರಿಮಾಡಿಕೊಂಡು, ಧನರಾಜನ ಪಕ್ಕದಲ್ಲಿ ಹೋಗಿ ಕೂತಳು.

“ನೀನ್ಯಾಕೆ ಎದ್ದದ್ದು?”

“ಪಂಕ್ತಿಯೊಳಗ ಒಬ್ಬನ್ನ ಕುಂದರಸಬಾರ್ದ್ರಿ ಟೀಚರ. ತುತ್ತು ಒಳಗ ಇಳಿಯಂಗಿಲ್ಲ.”

ವಾರಿಜಾ ಅವರಿಗೆ ಗಂಡನ ನೆನಪಾಯಿತು. ಕಡೆಯ ಪಂಕ್ತಿಗೆ ತಡವಾಗಿ ಒಬ್ಬನೇ ಬಂದರೆ ಅಣ್ಣು ಬಡಿಸುವ ಸೌಟು ಕೆಳಗಿಟ್ಟು, ತಮ್ಮ ಊಟ ಆಗಿದ್ದರೂ ಇನ್ನೊಂದು ಎಲೆ ಹಾಕಿಕೊಂಡು ಜೊತೆಗೆ ಕೂರುತ್ತಿದ್ದರು. ಒಂದು ಹಿಡಿ ಅನ್ನಕ್ಕೆ ಸಾರು ಕಲಸಿ ಆ ಮನುಷ್ಯನ ಊಟ ಮುಗಿಯುವವರೆಗೂ ಬೆರಳಾಡಿಸುತ್ತಿದ್ದರು. ಹಾಗಲ್ಲ ಮಗಳೇ, ಪರಮಾಣುವಿನಲ್ಲಿ ಹಾಗೆ ನಡೆಯುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಶುಕ್ರವಾರದ ಕಿರುಪರೀಕ್ಷೆಯಲ್ಲಿ ಹಾಲವ್ವ ಸೋಡಿಯಮ್ಮಿಗೆ ಎರಡು, ಏಳು, ಎರಡು ಎಂದು ಬರೆದಿದ್ದಳು. ವಾರಿಜಾ ಅವಳನ್ನು ಮೇಜಿನ ಬಳಿಗೆ ಕರೆದರು.

“ಇದೆಂಥದು ಮಾರಾಯ್ತಿ?”

“ನೀವು ಆವತ್ತ ಸುಮ್ಮನ ಇದ್ರೆಲ್ರಿ. ಖರೇನ ಇರಬೇಕಂತ ತಿಳಕೊಂಡ್ನಿ.”

“ತಪ್ಪು ನನ್ನದೇ. ಕೇಳು. ಎಂಟು ಜನರಲ್ಲಿ ಯಾರೂ ಏಳುವುದಿಲ್ಲ. ಹೊರಗಿನವನು ಒಬ್ಬನೇ ಇರ್ತಾನೆ. ನಡುವಿನ ನ್ಯೂಕ್ಲಿಯಸ್ಸಿಗೆ ಅವನ ಮೇಲೆ ಹಿಡಿತ ಕಮ್ಮಿ. ಹತ್ತಿರ ಕ್ಲೋರೀನು ಬಂತು ಅಂದ್ರೆ ಅತ್ತ ಹೋಗಿಬಿಡ್ತಾನೆ.”

“ಅಂವಾ ತಾನಾಗೇ ಹೋಗ್ತಾನೋ, ಅವರ ಒಯ್ತಾರೋ?”

“ಹೋಗ್ತಾನೆ ಅಷ್ಟೆ. ಅವನ ಮನಸ್ಸನ್ನು ಯಾರು ಕೇಳ್ತಾರೆ?”

ಹಾಲವ್ವ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. “ನಾವೂ ಐತಾರ ಹೊಂಟೇವ್ರಿ ಟೀಚರ. ಬಿಲ್ಡಿಂಗ್ ಮುಗೀತು.”

ಕಟ್ಟಡ ಏಳುವಲ್ಲಿ ಅವರ ತಗಡಿನ ಶೆಡ್ಡು ಏಳುತ್ತದೆ. ಫ್ಲ್ಯಾಟಿನವರ ಕೈಗೆ ಕೀಲಿ ಬಂದ ವಾರ ಶೆಡ್ಡು ಇಳಿಯುತ್ತದೆ. ಮುಂದಿನ ಕಟ್ಟಡ ಕರ್ಜತ್ತಿನ ಆಚೆಗಂತೆ. ಅಲ್ಲಿ ಕನ್ನಡ ಶಾಲೆ ಇಲ್ಲ. ಇಲ್ಲಿಯವರೆಗೆ ಕನ್ನಡದಲ್ಲಿ ಓದಿದವಳು ಹತ್ತನೆಯದನ್ನು ಎಲ್ಲಿ ಓದಬೇಕು? ಓದು ನಿಂತಿತು ಎಂದೇ ಅರ್ಥ.

ಆ ಎರಡು ರಾತ್ರಿ ವಾರಿಜಾ ಅವರಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಹುಡುಗಿಯನ್ನು ಹತ್ತನೆಯದು ಮುಗಿಯುವವರೆಗೆ ತನ್ನ ಮನೆಯಲ್ಲೇ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿ ಹೊರಟರು. ಅದರಲ್ಲಿ ತನ್ನ ಆಸೆಯೂ ಕಲೆತಿದೆ ಎಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಮನೆಯಲ್ಲಿ ಇನ್ನೊಂದು ತಟ್ಟೆಯ ಸದ್ದು ಕೇಳದೆ ಬಹಳ ಕಾಲವಾಗಿತ್ತು.

ಶೆಡ್ಡುಗಳ ತಗಡನ್ನು ಆಗಲೇ ಬಿಚ್ಚಿದ್ದರು. ಹಾಲವ್ವನ ಅಪ್ಪ ಮುರಿಗೆಪ್ಪ ಹಗ್ಗ ಸುತ್ತುತ್ತಿದ್ದವನು ಎದ್ದು ಕೈಮುಗಿದ. ವಾರಿಜಾ ಬಂದ ಕಾರಣ ಹೇಳಿದರು.

“ನನಗೂ ಓದಸೂ ಆಸೆ ಐತ್ರಿ ಅಕ್ಕೋರ,” ಎಂದು ಅವನು ಹೆಂಡತಿಯ ಕಡೆ ನೋಡಿದ.

ರಾಚವ್ವ ತುಂಬಿದ ಬಸುರಿ. ಪಾತ್ರೆಯ ಚೀಲಕ್ಕೆ ಒರಗಿ ಕೂತಿದ್ದಳು. ಅವಳ ಕಿರಿಯ ಮಗು ಹಾಲವ್ವನ ಸೊಂಟದ ಮೇಲಿತ್ತು.

“ಬ್ಯಾಡ ಅನ್ನೂ ಧೈರ್ಯ ನನಗ ಇಲ್ರಿ,” ಎಂದಳು. “ಆದ್ರ ಮುಂದಿನ ತಿಂಗಳ ನನ್ನ ಹೆರಿಗಿ. ಅಲ್ಲಿ ನನಗ ಯಾರ ಗುರ್ತು ಇಲ್ಲ. ಇಂವ ಕೆಲಸಕ್ಕಂತ ಮಾಳಗಿ ಮ್ಯಾಲೆ ಹತ್ತಿದ್ರ ಕೆಳಗ ನಾ ಒಬ್ಬಾಕಿ. ನೀವು ಏನಂತೀರೋ ಅದ ಆಗಲಿ. ನಿಮ್ಮ ಬಾಯಿಂದ ಬಂದದ್ದು ನಾ ದಾಟಂಗಿಲ್ಲ.”

ತೀರ್ಪನ್ನು ತನ್ನ ಉಡಿಗೇ ಹಾಕುತ್ತಾಳೆಂದು ವಾರಿಜಾ ಎಣಿಸಿರಲಿಲ್ಲ. ಇಟ್ಟುಕೊಳ್ಳುತ್ತೇನೆ ಎಂದರೆ ತಾಯಿಗೆ ಅನ್ಯಾಯ. ಕರೆದುಕೊಂಡು ಹೋಗಿ ಎಂದರೆ ಮಗಳಿಗೆ. ಅವರು ಹಾಲವ್ವನ ಮುಖ ನೋಡಿದರು. ಅವಳು ಮಗುವಿನ ಮೂಗು ಒರೆಸುತ್ತಿದ್ದಳು; ತಲೆ ಎತ್ತಲಿಲ್ಲ.

“ನೀನು ಹೇಳು ಮಗಳೇ.”

“ಆ ಕ್ಲೋರೀನ್ ಅಂದ್ರೆಲ್ರಿ,” ಎಂದಳು ಹಾಲವ್ವ, “ಅದನ್ನ ಇನ್ನೂ ಹೇಳಿಲ್ಲ ನೀವು. ಟೆಂಪೋ ಬರೂತನಕ ಹೇಳ್ರಿ.”

ವಾರಿಜಾ ಸೀರೆ ಒತ್ತಿಕೊಂಡು ನೆಲಕ್ಕೆ ಕೂತರು. ಸಿಮೆಂಟು ಧೂಳಿನಲ್ಲಿ ಬೆರಳಿನಿಂದ ವೃತ್ತ ಎಳೆದರು. ಎರಡು, ಎಂಟು, ಏಳು. ಕೊನೆಯ ಕವಚದಲ್ಲಿ ಎಂಟಕ್ಕೆ ಒಂದು ಕಡಿಮೆ, ಅದಕ್ಕೇ ಅದು ಎಳೆಯುತ್ತದೆ. ಆಮೇಲೆ ಆರ್ಗಾನು. ಆಮೇಲೆ ಪೊಟ್ಯಾಸಿಯಮ್ಮು, ಅಲ್ಲಿ ಮೂರನೆಯ ಕವಚದಲ್ಲಿ ಇನ್ನೂ ಜಾಗವಿದ್ದರೂ ಹತ್ತೊಂಬತ್ತನೆಯ ಎಲೆಕ್ಟ್ರಾನು ನಾಲ್ಕನೆಯದಕ್ಕೆ ಹೋಗುತ್ತದೆ.

“ಜಾಗ ಇದ್ರೂ ಯಾಕ ಹೋಗ್ತೈತ್ರಿ?”

“ಅದು ಮುಂದಿನ ತರಗತಿಯ ಪಾಠ,” ಎಂದುಬಿಟ್ಟರು ವಾರಿಜಾ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಟೆಂಪೋ ಬಂತು. ಡ್ರೈವರ್ ಹಿಂದಿಯಲ್ಲಿ ಅವಸರ ಮಾಡಿದ. ಹಾಸಿಗೆ, ತಗಡು, ಪಾತ್ರೆಯ ಚೀಲಗಳು ಏರಿದವು. ರಾಚವ್ವನನ್ನು ಮುಂದೆ ಕೂರಿಸಿದರು. ಹೋಗುವ ಮೊದಲು ಅವಳು ವಾರಿಜಾ ಅವರ ಕಡೆ ನೋಡಿದಳು. ಕರೆದುಕೊಂಡು ಹೋಗಿ ಎಂಬಂತೆ ವಾರಿಜಾ ತಲೆಯಾಡಿಸಿದರು. ಕೊಟ್ಟ ತೀರ್ಪು ಅದೇ.

ಹಾಲವ್ವ ಹಿಂದೆ ಗಂಟುಗಳ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಹೊರಟಾಗ ವಾರಿಜಾ ಕೈ ಎತ್ತಿದರು. ಅದೇ ಹೊತ್ತಿಗೆ ಮಗು ಬೆಚ್ಚಿ ಅಳತೊಡಗಿತು. ಹಾಲವ್ವ ಅದನ್ನು ಎದೆಗೆ ಒತ್ತಿಕೊಂಡು ಬೆನ್ನು ತಟ್ಟುತ್ತ ಆ ಕಡೆ ತಿರುಗಿದಳು. ತಿರುವಿನವರೆಗೂ ಅವಳ ಬೆನ್ನೇ ಕಾಣಿಸುತ್ತಿತ್ತು.

ವಾರಿಜಾ ಕಣ್ಣು ಮುಚ್ಚಿ ದೇವರನ್ನು ನೆನೆದರು. ಏನೆಂದು ಬೇಡಬೇಕೋ ತಿಳಿಯಲಿಲ್ಲ.